ಪಿಯಾನೋಗೆ ಸ್ವಂತ ಸಾ ಇಲ್ಲ

ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರು ನನ್ನನ್ನು ಮೊದಲು ಕೇಳುವುದು, "ಸ್ವರ ಹಿಡಿಯೋ ಕಿವಿ ಬರೋಕೆ ಎಷ್ಟು ದಿನ ಬೇಕು ಅಮ್ಮ?" ಎಂದು. ನನಗೆ ನಾಲ್ಕು ವರ್ಷ ಬೇಕಾಯಿತು. ನೀವು ನನಗಿಂತ ಹೆಚ್ಚು ಓದಿದವರು, ಎರಡರಲ್ಲಿ ಬಂದೀತು. ಆದರೆ ಹಾಗೆ ಬಂದ ಕಿವಿಯೇ ಒಂದು ದಿನ ನಿಮಗೆ ಮೋಸ ಮಾಡುತ್ತದೆ. ನನಗೆ ಮಾಡಿತು. ಆ ಮೋಸದಿಂದ ಗೆದ್ದು ಬಂದದ್ದನ್ನು ಬರೆದಿಡೋಣ ಅಂತ ಕೂತಿದ್ದೇನೆ. ಯಾರು ಯಾವಾಗ ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಸಿಗುವುದಿಲ್ಲ. ಶಾಲುಗಳು ಬೀರುವಿನಲ್ಲಿವೆ, ಬೇಕಾದವರು ಬಂದು ನೋಡಬಹುದು.

ನಾನು ತಿಪ್ಪಮ್ಮ, ಹೊಳಲ್ಕೆರೆಯವಳು. ಚಿತ್ರದುರ್ಗದಲ್ಲಿ ಗುರುಬಸಪ್ಪನವರ ಹಾರ್ಮೋನಿಯಂ ಅಂಗಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದೆ. ನಮ್ಮ ಕಡೆ ಅದನ್ನು ಹಾರ್ಮೋನಿಯಂ ಎನ್ನುವವರು ಕಡಿಮೆ, ಪೆಟ್ಟಿಗೆ ಎನ್ನುತ್ತಾರೆ. ನಾಟಕದ ಮೇಷ್ಟ್ರು ಕಾಲಿನಲ್ಲಿ ತುಳಿದು ನುಡಿಸುವುದು ಕಾಲುಪೆಟ್ಟಿಗೆ, ಭಜನೆಯವರದು ಕೈಪೆಟ್ಟಿಗೆ. ಅದರ ಬಿಳಿ ಕರಿ ಪಟ್ಟಿಗಳಿಗೆ ಮನೆ ಎನ್ನುತ್ತೇವೆ. ಒಂದೊಂದು ಮನೆಯ ಕೆಳಗೂ ಹಿತ್ತಾಳೆಯ ನಾಲಿಗೆಯಿರುವ ರೀಡು ಇರುತ್ತದೆ. ತಿದಿಯ ಗಾಳಿ ಬಡಿದಾಗ ಆ ನಾಲಿಗೆ ಅಲುಗಿ ಸ್ವರ ಹೊರಡುತ್ತದೆ.

ನಾನು ಸೇರಿದ್ದು ತಿದಿಗೆ ಬಟ್ಟೆ ಅಂಟಿಸುವ ಕೆಲಸಕ್ಕೆ. ಗುರುಬಸಪ್ಪನವರು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಸ್ವರ ಕೂಡಿಸುತ್ತಿದ್ದರು. ಆ ಬೆಂಚಿನ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಸೇರಿದ ಎರಡನೇ ತಿಂಗಳು, ಅಂಟು ಬಳಿಯುತ್ತಾ ಬಳಿಯುತ್ತಾ ನನ್ನ ಬಾಯಿ ತಡೆಯಲಿಲ್ಲ.

"ಯಜಮಾನ್ರೇ, ಆ ಮನೆ ಅಳ್ತೈತೆ."

ಅವರು ತಲೆ ಎತ್ತದೆ ಕೇಳಿದರು. "ಯಾವ್ ಮನೆ?"

"ಈಗ ಒತ್ತಿದ್ರಲ್ಲ, ಅದರ ಎಡಗಡೇದು."

ಅವರು ಆ ರೀಡು ಬಿಚ್ಚಿ ನಾಲಿಗೆಯನ್ನು ಎರಡು ಸಲ ಕೆರೆದು ಮತ್ತೆ ಹಾಕಿ ಒತ್ತಿದರು. "ಈಗ?"

"ಈಗ ಸುಮ್ಕಾತು."

"ಕೈ ತೊಳ್ಕಂಡು ಬಾ ಇಲ್ಲಿ."

ನನ್ನ ಬಡ್ತಿ ಅಂದರೆ ಅಷ್ಟೇ, ಕೈ ತೊಳೆದುಕೊಂಡದ್ದು. ಆಮೇಲೆ ನಾಲ್ಕು ವರ್ಷ ಒಂದೇ ಪಾಠ. ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಎರಡು ಸ್ವರ ಒಟ್ಟಿಗೆ ಒತ್ತಿ ಕಿವಿ ಕೊಟ್ಟರೆ, ಅವು ಕೂಡದಿದ್ದಾಗ ನಡುವೆ ಊಂ ಊಂ ಎಂದು ಅಲೆ ಏಳುತ್ತದೆ. ಕೂಡಿದರೆ ಅಲೆ ನಿಂತು ನಾದ ಕೆರೆಯ ನೀರಿನ ಹಾಗೆ ತಣ್ಣಗಾಗುತ್ತದೆ. ಅಲೆ ನಿಲ್ಲಿಸುವುದೇ ನಮ್ಮ ಕಸುಬು. ಬೆಳಗಿನಿಂದ ಸಂಜೆವರೆಗೆ ಅದೇ ಸಾ, ಅದೇ ಪಾ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಮನೆಯಲ್ಲಿ ನನ್ನನ್ನು ಆಡಿಕೊಳ್ಳುತ್ತಿದ್ದರು. ಅಡುಗೆ ಮನೆಯಲ್ಲಿ ಸೌಟು ಬಿದ್ದರೂ ಅದರ ಸ್ವರ ಯಾವುದೆಂದು ನೋಡುವ ಚಾಳಿ ನನಗೆ ಹತ್ತಿತ್ತು, ಅವರು ಆಡಿಕೊಂಡದ್ದರಲ್ಲಿ ತಪ್ಪಿಲ್ಲ.

ಯಜಮಾನರದು ಒಂದು ಕಟ್ಟುನಿಟ್ಟು. ಯಾರ ಪೆಟ್ಟಿಗೆ ಬಂದರೂ ಮೊದಲು "ನಿಮ್ಮ ಸಾ ಯಾವುದು?" ಎಂದು ಕೇಳಬೇಕು, ಆಮೇಲೆ ಕೈ ಹಾಕಬೇಕು. ಒಬ್ಬೊಬ್ಬರ ಗಂಟಲು ಒಂದೊಂದು ಎತ್ತರ. ಅವರು ಯಾವ ಮನೆಯನ್ನು ಸಾ ಮಾಡಿಕೊಂಡು ಹಾಡುತ್ತಾರೋ, ಆ ಮನೆಗೆ ಉಳಿದ ಹನ್ನೊಂದನ್ನೂ ಅಲೆಯಿಲ್ಲದಂತೆ ಕೂಡಿಸಿ ಕೊಡಬೇಕು. ಪೇಟೆಯಲ್ಲಿ ಸಿಗುವ ಸಿದ್ಧ ಪೆಟ್ಟಿಗೆಗಿಂತ ನಮ್ಮದು ಇಂಪಾಗಿರುತ್ತಿದ್ದುದು ಅದರಿಂದಲೇ. "ಪೆಟ್ಟಿಗೆ ಒಬ್ರ ಮನೆ ಸೊಸೆ ಇದ್ದಂಗೆ, ಆ ಮನೆಗೇ ಹೊಂದ್ಕಬೇಕು" ಎನ್ನುತ್ತಿದ್ದರು. ಮನೆಯಲ್ಲಿ ಸೊಸೆಯ ಮುಂದೆ ಈ ಮಾತು ಆಡುವ ಧೈರ್ಯ ಅವರಿಗಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಈ ಸಾ ಕೇಳುವುದರಲ್ಲೇ ನಾನು ಒಮ್ಮೆ ಎಡವಿದೆ. ಹಿರಿಯೂರು ತಾಲ್ಲೂಕಿನ ಆದಿವಾಲದ ಹೆಂಗಸರ ಭಜನೆ ಮಂಡಳಿಯವರು ಎರಡು ಶ್ರುತಿಪೆಟ್ಟಿಗೆ ಬೇಕೆಂದು ಫೋನು ಮಾಡಿದರು. ಶ್ರುತಿಪೆಟ್ಟಿಗೆಯಲ್ಲಿ ಸಾ, ಪಾ ಮಾತ್ರ ಇರುತ್ತವೆ; ಒಮ್ಮೆ ಮಾಡಿದರೆ ಅದೇ ಎತ್ತರ. "ಸಾ ಯಾವುದ್ರಿ?" ಎಂದೆ. "ನಾಲ್ಕು" ಎಂದರು. ಹೊಳಲ್ಕೆರೆ ಕಡೆಯ ನಾಟಕದ ಮೇಷ್ಟ್ರುಗಳ ಬಾಯಲ್ಲಿ ನಾಲ್ಕು ಎಂದರೆ ಕರಿ ನಾಲ್ಕು. ಕರಿ ಮನೆಗಳನ್ನಷ್ಟೇ ಎಣಿಸಿದರೆ ನಾಲ್ಕನೆಯದು. ನಾನು ಅದಕ್ಕೇ ಮಾಡಿ ಕಳಿಸಿದೆ. ಹಿರಿಯೂರು ಕಡೆಯವರ ಲೆಕ್ಕ ಬೇರೆ. ಅವರ ನಾಲ್ಕು ಬಿಳಿಯದು, ನನ್ನದಕ್ಕಿಂತ ಮೂರು ಮನೆ ಕೆಳಗೆ. ಆ ಹೆಣ್ಣುಮಕ್ಕಳು ಸೋಮವಾರದ ಭಜನೆಗೆ ಕೂತು, ಶ್ರುತಿ ಹಿಡಿದು, ಪಲ್ಲವಿಯಲ್ಲೇ ಕಿರುಚಾಡುವಂತಾಯಿತು. ಮಾರನೇ ದಿನ ಮಂಡಳಿಯ ಹಿರಿಯಮ್ಮ ಎರಡೂ ಪೆಟ್ಟಿಗೆ ಹೊತ್ತುಕೊಂಡು ಅಂಗಡಿಗೇ ಬಂದರು.

"ಏನವ್ವ, ದೇವರು ಬೆಟ್ಟದ ಮೇಲೆ ಅವ್ನೆ ಅಂತ ಅಷ್ಟ್ ಎತ್ತರಕ್ಕೆ ಮಾಡಿದ್ಯಾ? ನಮ್ ಗಂಟ್ಲು ಹರಿದೋತು."

ನಾನು ಕ್ಷಮೆ ಕೇಳಿ ಎರಡನ್ನೂ ಅಲ್ಲೇ ಬಿಚ್ಚಿದೆ. ಯಜಮಾನರು ಬೈಯಲಿಲ್ಲ. ಒಂದು ಹಲಗೆ ತಂದು ಅದರ ಮೇಲೆ ಬಿಳಿ ಕರಿ ಮನೆಗಳ ಚಿತ್ರ ಬರೆದು, "ಇನ್ನು ಮ್ಯಾಲೆ ಬಂದು ಬೆರಳಿಟ್ಟು ತೋರ್ಸಿ ಅನ್ನು. ಬಾಯಿ ಮಾತು ನಂಬಬ್ಯಾಡ" ಎಂದರು. ಈಗ ನೀವು ವಾಟ್ಸಾಪಿನಲ್ಲಿ ಫೋಟೋ ತರಿಸಿಕೊಳ್ಳುತ್ತೀರಿ, ಅದೂ ಅದೇ ಪಾಠ.

ಕಾಲ ಬದಲಾಯಿತು. ಮೊಬೈಲಿನಲ್ಲಿ ಶ್ರುತಿ ಬಂದ ಮೇಲೆ ಶ್ರುತಿಪೆಟ್ಟಿಗೆ ಕೇಳುವವರು ಇಲ್ಲವಾದರು. ನಾಟಕದವರೂ ಕರೆಂಟಿನ ಕೀಬೋರ್ಡಿಗೆ ಹೋದರು. ಕಾಲುಪೆಟ್ಟಿಗೆ ಹೊಸದಾಗಿ ಮಾಡಿಸುವವರು ವರ್ಷಕ್ಕೊಬ್ಬರು ಬಂದರೆ ಹೆಚ್ಚು. ಅದರ ಮೇಲೆ ಯಜಮಾನರ ಕಿವಿ ಮಂದವಾಯಿತು. ಮೇಲಿನ ಸ್ವರಗಳು ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಅವರು ಬೆಂಚಿನಿಂದ ಎದ್ದು ಗಲ್ಲಾಪೆಟ್ಟಿಗೆಯ ಹಿಂದೆ ಕೂತರು, ಬೆಂಚು ನನಗೊಬ್ಬಳಿಗೇ ಉಳಿಯಿತು. ಒಂದು ದಿನ ನಾನು ಬಂದಾಗ ಬಡಗಿ ನಾಗರಾಜ ಟೇಪು ಹಿಡಿದು ನನ್ನ ಬೆಂಚಿನ ಉದ್ದಗಲ ಅಳೆಯುತ್ತಿದ್ದ.

"ಏನಪ್ಪ ಇದು?" ಎಂದೆ.

ಅವನು ಯಜಮಾನರ ಮುಖ ನೋಡಿದ. ಯಜಮಾನರು ಹೇಳಿದರು. "ಕೀಬೋರ್ಡು ಇಡಾಕೆ ಗಾಜಿನ ಷೋಕೇಸು ಮಾಡ್ಸಾಣ ಅಂತ. ಯುಗಾದಿ ಆದ್ ಮ್ಯಾಲೆ. ನಿಂಗೆ ಬಿಲ್ಲು ಬರೆಯೋ ಕೆಲ್ಸ ಐತಲ್ಲ ತಿಪ್ಪಮ್ಮ, ಬಿಟ್ಟು ಹೋಗು ಅಂತೇನು ಅಂದಿಲ್ಲ."

ಕಿವಿ ಕೊಟ್ಟು ಬೆಳೆಸಿದವರೇ ಬಿಲ್ಲು ಬರೆ ಎನ್ನುತ್ತಾರಲ್ಲ ಎಂದು ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ.

ಅದೇ ವಾರ ಚಿತ್ರದುರ್ಗದ ಹಳೆಯ ಕಾನ್ವೆಂಟ್ ಶಾಲೆಯ ಸಂಗೀತದ ಗ್ರೇಸ್ ಟೀಚರ್ ಅಂಗಡಿಗೆ ಬಂದರು. ಅವರ ಶಾಲೆಯ ಸಭೆ ಸೇರುವ ಹಾಲಿನಲ್ಲಿ ಒಂದು ಪಿಯಾನೋ ಇತ್ತು, ಗೋಡೆಗೆ ಒರಗಿಸಿ ನಿಲ್ಲಿಸುವಂಥದ್ದು. ಹತ್ತು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಬೆಂಗಳೂರಿನಿಂದ ಬಂದು ನೋಡಿದ ವ್ಯಾಪಾರಿಯೊಬ್ಬರು, ಇದು ಸೌದೆ, ಇದನ್ನು ಕೊಟ್ಟು ಡಿಜಿಟಲ್ ತೆಗೆದುಕೊಳ್ಳಿ ಎಂದಿದ್ದರಂತೆ. ಪಿಯಾನೋ ಮಾಡುವ ಕಸುಬಿನ ಸ್ಥಿತಿಯನ್ನೂ ಅವರು ಬಿಡಿಸಿ ಹೇಳಿದ್ದರು: ದೊಡ್ಡ ದೊಡ್ಡ ಹೆಸರಿನ ಎಷ್ಟೋ ಕಾರ್ಖಾನೆಗಳು ಮುಚ್ಚಿವೆ, ಹೆಸರು ಒಂದು ದೇಶದ್ದು, ಮೈ ಇನ್ನೊಂದು ದೇಶದ್ದು; ನಮ್ಮ ದೇಶದಲ್ಲಿ ಹೊಸದಾಗಿ ಮಾಡುವವರು ಬೆರಳೆಣಿಕೆ, ಹಳೆಯದಕ್ಕೆ ಕೈ ಹಾಕುವವರು ಅದಕ್ಕಿಂತ ಕಡಿಮೆ. ಅವರು ಹೇಳಿದ್ದು ಸುಳ್ಳಲ್ಲ, ನಾನು ಆಮೇಲೆ ವಿಚಾರಿಸಿದ್ದೇನೆ.

"ಶಾಲೆ ದಿನಾಚರಣೆಗೆ ಮಕ್ಕಳು ಇದರ ಜೊತೆಗೇ ಹಾಡಬೇಕು ಅಂತ ನನ್ನ ಆಸೆ. ನೀವು ಪೆಟ್ಟಿಗೆ ಮಾಡೋರು, ಒಂದ್ಸಲ ನೋಡ್ತೀರಾ?" ಎಂದರು ಟೀಚರ್.

ಯಜಮಾನರು ಬೇಡ ಎನ್ನಲು ಬಾಯಿ ತೆರೆಯುವ ಮೊದಲೇ ನಾನು "ನೋಡ್ತೀನಿ" ಎಂದುಬಿಟ್ಟೆ. ಟೀಚರ್ ಹೋದ ಮೇಲೆ ಯಜಮಾನರ ಕಡೆ ತಿರುಗಿದೆ. "ಇದು ಆದ್ರೆ ಬೆಂಚು ಇರ್ಬೇಕು. ಆಗ್ಲಿಲ್ಲ ಅಂದ್ರೆ ನಾನೇ ಬಿಲ್ ಪುಸ್ತಕ ಹಿಡೀತೀನಿ."

"ಆತು. ನೋಡಾಣ" ಎಂದರು.

ಮುಚ್ಚಳ ತೆಗೆದಾಗ ಒಳಗೆ ಒಂದು ಹಲ್ಲಿಯ ಎಲುಬಿನ ಗೂಡು, ಹನ್ನೊಂದು ಪೆನ್ಸಿಲ್, ಒಂದು ಹೇರ್‌ಪಿನ್ ಸಿಕ್ಕವು. ನಮ್ಮ ಪೆಟ್ಟಿಗೆಯಲ್ಲಿ ಗಾಳಿ, ಇದರಲ್ಲಿ ತಂತಿ. ಮನೆ ಒತ್ತಿದರೆ ಉಣ್ಣೆ ಸುತ್ತಿದ ಪುಟ್ಟ ಸುತ್ತಿಗೆ ಹೋಗಿ ತಂತಿಗೆ ಬಡಿಯುತ್ತದೆ. ತಂತಿಯ ಗೂಟ ತಿರುಗಿಸಿದರೆ ಸ್ವರ ಏರುತ್ತದೆ, ಇಳಿಯುತ್ತದೆ. ಇನ್ನೂರಕ್ಕೂ ಮೇಲೆ ಗೂಟ. ನಮ್ಮ ಸೀಮೆಯ ಒಣ ಹವೆಗೆ ಮರ ಕುಗ್ಗಿ ಕೆಲವು ಗೂಟ ಸಡಿಲವಾಗಿದ್ದವು. ಅವಕ್ಕೆ ನಾಗರಾಜನ ಕೈಯಲ್ಲಿ ತೆಳು ಮರದ ಸಿಪ್ಪೆ ಕೊಡಿಸಿ ಬಿಗಿ ಮಾಡಿದೆ. ಮನೆಗಳ ಕೆಳಗಿನ ಉಣ್ಣೆಯನ್ನು ನುಸಿ ತಿಂದಿತ್ತು. ಹೊಸದುರ್ಗದ ಸಂತೆಯಿಂದ ಕುರಿ ಕಂಬಳಿ ತಂದು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಹಾಕಿದೆ. ಗಟ್ಟಿಯಾಗಿದ್ದ ಸುತ್ತಿಗೆಗಳ ಉಣ್ಣೆಗೆ ಸೂಜಿ ಚುಚ್ಚಿ ಮೆತ್ತಗೆ ಮಾಡಿದೆ. ಎಲ್ಲ ಸರಿ ಮಾಡಿಕೊಂಡು ಕೊನೆಗೆ, ಕಲಿತ ಬುದ್ಧಿ ನೋಡಿ, "ಟೀಚರ್, ನಿಮ್ಮ ಸಾ ಯಾವುದು?" ಎಂದೆ.

ಅವರು ಸ್ವಲ್ಪ ಯೋಚಿಸಿ, "ಸಿ ಇಂದ ಶುರು ಮಾಡಿ" ಎಂದು ಒಂದು ಮನೆ ತೋರಿಸಿದರು. ಅದು ನಮ್ಮ ಬಿಳಿ ಒಂದು. ನಾಲ್ಕು ದಿನ ಕೂತು, ಆ ಬಿಳಿ ಒಂದಕ್ಕೆ ಇಡೀ ಪಿಯಾನೋವನ್ನು ಒಂದೂ ಅಲೆಯಿಲ್ಲದಂತೆ ಕೂಡಿಸಿದೆ. ನನ್ನ ಜೀವಮಾನದ ಕೆಲಸ ಅದು ಎಂದುಕೊಂಡೆ.

ದಿನಾಚರಣೆಗೆ ಇನ್ನು ಹತ್ತು ದಿನವಿತ್ತು. ಯಜಮಾನರೂ ಬಂದಿದ್ದರು. ಟೀಚರ್ ಕೂತು ಒಂದು ಹಾಡು ನುಡಿಸಿದರು. ಅವರ ಕಣ್ಣು ಒದ್ದೆಯಾಯಿತು. "ಇಷ್ಟು ಇಂಪಾಗಿ ನಾನು ಯಾವ ಪಿಯಾನೋನೂ ಕೇಳಿಲ್ಲ ತಿಪ್ಪಮ್ಮ" ಎಂದರು. ನಾನು ಯಜಮಾನರ ಕಡೆ ನೋಡಿ ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಟೀಚರ್, "ಚಿಕ್ಕ ಮಕ್ಕಳಿಗೆ ಇದು ತಗ್ಗಾಗುತ್ತೆ, ಸ್ವಲ್ಪ ಏರಿಸ್ತೀನಿ" ಎಂದು ಕರಿ ಎರಡರಿಂದ ಅದೇ ಹಾಡು ಶುರು ಮಾಡಿದರು. ಎರಡನೇ ಸಾಲಿಗೆ ಪಿಯಾನೋ ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕಿರುಗುಟ್ಟಿತು. ಟೀಚರ್ ಕೈ ತೆಗೆದರು.

ನಾನು ಮೊದಲು ಮಾಡಿದ್ದು ಪಿಯಾನೋವನ್ನು ಬೈದದ್ದು. ಹಳೇ ತಂತಿ, ಒಣಗಿದ ಮರ, ಬೆಂಗಳೂರಿನವರು ಸರಿಯಾಗೇ ಹೇಳಿದ್ದರು ಎಂದೆಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟೀಚರ್ ಮೆಲ್ಲಗೆ ಹೇಳಿದರು. "ಪಿಯಾನೋಗೆ ಸ್ವಂತ ಸಾ ಅಂತ ಇಲ್ಲ ತಿಪ್ಪಮ್ಮ. ಒಂದೊಂದು ಹಾಡಿಗೆ ಒಂದೊಂದು ಮನೆ ಸಾ ಆಗುತ್ತೆ. ಹನ್ನೆರಡರಲ್ಲಿ ಎಲ್ಲಿ ಕೂತರೂ ಅದು ಒಪ್ಪಬೇಕು. ಹೇಗೆ ಅಂತ ನನಗೆ ಗೊತ್ತಿಲ್ಲ, ನಾನು ನುಡಿಸೋಳು ಅಷ್ಟೇ."

"ಇನ್ನೊಂದು ವಾರ ಕೊಡ್ರಿ" ಎಂದೆ. ಯಜಮಾನರು ಚಪ್ಪಲಿ ಮೆಟ್ಟಿ ಹೊರಟರು. ಅವರು ಬೈದಿದ್ದರೆ ಚೆನ್ನಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಅಳು ಬಂತು, ಅತ್ತುಬಿಟ್ಟೆ.

ಮಾರನೇ ದಿನದಿಂದ ಹೊಸ ದಾರಿ ಹಿಡಿದೆ. ಒಂದು ಸಾ, ಅದಕ್ಕೊಂದು ಪಂಚಮ, ಅಂದರೆ ಪಾ, ಕೂಡಿಸುವುದು. ಆ ಪಂಚಮವನ್ನೇ ಸಾ ಅಂದುಕೊಂಡು ಅದರ ಪಂಚಮ ಕೂಡಿಸುವುದು. ಹೀಗೆ ಹನ್ನೆರಡು ಹೆಜ್ಜೆ ಹಾಕಿದರೆ ಹನ್ನೆರಡೂ ಮನೆ ಮುಟ್ಟಿ ಹೊರಟ ಸಾ ಮನೆಗೇ ಬಂದು ಸೇರಬೇಕು, ಯಾರಿಗೂ ಅನ್ಯಾಯವಿಲ್ಲ ಎಂದು ನನ್ನ ಲೆಕ್ಕ. ಸೇರಲಿಲ್ಲ. ಒಂದು ಚೂರು ಮೇಲಕ್ಕೆ ಹೋಗಿ ನಿಂತಿತು. ನನ್ನ ತಪ್ಪೆಂದು ಮತ್ತೆ ಮಾಡಿದೆ, ಮತ್ತೂ ಅದೇ ಚೂರು. ಹನ್ನೊಂದು ಜೋಡಿಯನ್ನು ಚೊಕ್ಕ ಕೂಡಿಸಿದರೆ ಆ ಚೂರೆಲ್ಲ ಹನ್ನೆರಡನೆಯದರ ತಲೆ ಮೇಲೆ ಬಂದು, ಅದೊಂದು ಕಿರುಗುಟ್ಟುತ್ತಿತ್ತು. ಮೂರು ದಿನ ಆ ಚೂರನ್ನು ಎಲ್ಲಿ ಬಚ್ಚಿಡಲಿ ಎಂದು ಒದ್ದಾಡಿದೆ.

ನಾಲ್ಕನೇ ದಿನ ಬೆಳಿಗ್ಗೆ ಹೊಳಲ್ಕೆರೆಯಿಂದ ಬರುವ ಖಾಸಗಿ ಬಸ್ಸು ತುಂಬಿತ್ತು. ಮೂವರ ಸೀಟಿನಲ್ಲಿ ನಾವು ಮೂವರು ಹೆಂಗಸರು ಹಾಯಾಗಿ ಕೂತಿದ್ದೆವು, ಒಬ್ಬ ಬಸುರಿ ಹೆಂಗಸು ಕಂಬಿ ಹಿಡಿದು ನಿಂತಿದ್ದಳು. ಕಂಡಕ್ಟರ್ ಬಂದು ನಮ್ಮನ್ನು ಗದರಿದ.

"ಒಂದೀಟು ಸರ್ಕಂಡು ಕುಂತ್ಕಳ್ರಿ ಅಮ್ಮಾರೆ. ಒಬ್ರೇ ಎದ್ದು ಜಾಗ ಕೊಡಬ್ಯಾಡ್ರಿ, ಎಲ್ರೂ ಒಂದೊಂದು ಬಟ್ಟು ಸರೀರಿ, ತಾನೇ ಆತೈತೆ."

ನಾವು ಸರಿದೆವು. ಅವಳು ಕೂತಳು. ನನ್ನ ಸೊಂಟ ಕಿಟಕಿಗೆ ಒತ್ತುತ್ತಿತ್ತು, ಪಕ್ಕದವಳ ಬುಟ್ಟಿ ನನ್ನ ಮಂಡಿಗೆ ಒತ್ತುತ್ತಿತ್ತು, ಆದರೆ ನಿಂತವರು ಯಾರೂ ಇರಲಿಲ್ಲ. ಬಸ್ಸು ಇನ್ನೂ ಊರು ದಾಟಿರಲಿಲ್ಲ, ನನಗೆ ತಿಳಿದುಹೋಯಿತು. ಆ ಚೂರನ್ನು ಬಚ್ಚಿಡಬಾರದು, ಹಂಚಬೇಕು. ಹನ್ನೆರಡು ಪಂಚಮವೂ ಒಂದು ಕೂದಲೆಳೆ ಕಡಿಮೆ ಕೂತರೆ ಯಾವುದೂ ಕಿರುಗುಟ್ಟಬೇಕಾಗಿಲ್ಲ. ಅಲೆ ನಿಲ್ಲಿಸುವುದನ್ನೇ ಕಸುಬು ಮಾಡಿಕೊಂಡವಳು, ಈಗ ಒಂದೊಂದರಲ್ಲೂ ಬೇಕೆಂದೇ ಅಲೆ ಬಿಡಬೇಕಿತ್ತು.

ಕೈ ಒಪ್ಪಲಿಲ್ಲ. ಪಂಚಮ ತಣ್ಣಗೆ ಕೂಡಿದ ಮೇಲೆ ಅದನ್ನು ಕೆಡಿಸುವುದೆಂದರೆ ಒಗೆದ ಸೀರೆಗೆ ಕೆಸರು ಹಚ್ಚಿದ ಹಾಗೆ. ಎಷ್ಟು ಕೆಡಿಸಬೇಕು ಎಂಬುದಕ್ಕೆ ಒಂದು ಅಳತೆ ಕಂಡುಕೊಂಡೆ. ನಡುವಿನ ಮನೆಗಳಲ್ಲಿ, "ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ" ಎಂದು ಮನಸ್ಸಿನಲ್ಲೇ ನಿಧಾನವಾಗಿ ಹೇಳಿಕೊಳ್ಳುವಷ್ಟರಲ್ಲಿ ಒಂದೇ ಒಂದು ಅಲೆ ಬರಬೇಕು. ಮೊದಲ ಸುತ್ತಿನಲ್ಲಿ ಹೆಚ್ಚು ಇಳಿಸಿದೆ, ಎರಡನೆಯದರಲ್ಲಿ ಕಡಿಮೆ ಬಿತ್ತು. ಮೂರನೇ ಸುತ್ತಿನಲ್ಲಿ ಹನ್ನೆರಡನೇ ಹೆಜ್ಜೆ ಹೊರಟ ಬಾಗಿಲಿಗೇ ಬಂದು ನಿಂತಿತು. ಆ ಖಾಲಿ ಹಾಲಿನಲ್ಲಿ ನಾನೊಬ್ಬಳೇ ಚಪ್ಪಾಳೆ ತಟ್ಟಿಕೊಂಡೆ.

ಮೊಬೈಲಿನಲ್ಲಿ ಸ್ವರ ಹೆಚ್ಚೋ ಕಡಿಮೆಯೋ ಎಂದು ಮುಳ್ಳು ತೋರಿಸುವ ಆ್ಯಪ್ ನೋಡಿಕೊಂಡರೆ ಆಯಿತಲ್ಲ ಅಮ್ಮ ಎನ್ನುತ್ತೀರಿ. ನನ್ನ ಹತ್ತಿರವೂ ಇತ್ತು. ನಾನು ಚೊಕ್ಕ ಕೂಡಿಸಿದ ಗಾಂಧಾರವನ್ನು ಅದು ಯಾವತ್ತೂ ಕಡಿಮೆ ಎಂದೇ ತೋರಿಸುತ್ತಿತ್ತು. ಮೊಬೈಲಿಗೆ ಕಿವಿ ಇಲ್ಲ ಎಂದು ನಗುತ್ತಿದ್ದೆ. ಅದು ಇಷ್ಟು ವರ್ಷವೂ ಆ ಕಂಡಕ್ಟರನ ಹಾಗೆ ಒಂದೀಟು ಸರ್ಕೋ ಎಂದೇ ಹೇಳುತ್ತಿತ್ತೆಂದು ಆ ದಿನ ಗೊತ್ತಾಯಿತು. ಹಾಗೆಂದು ಅದನ್ನೇ ನಂಬಿ ಕೂರಬೇಡಿ. ಹಳೆಯ ದಪ್ಪ ತಂತಿಗಳು ಮುಳ್ಳು ಹೇಳಿದಲ್ಲಿ ನಿಂತರೂ ಒಂದರ ಜೊತೆ ಒಂದು ಸೇರುವುದಿಲ್ಲ. ಕೊನೆಯ ಕೂದಲೆಳೆ ಕಿವಿಯದ್ದೇ.

ವಾರ ಕಳೆದು ಟೀಚರ್ ಮತ್ತೆ ಕೂತರು. ಬಿಳಿ ಒಂದರಿಂದ ನುಡಿಸಿದರು, ಮೊದಲಿನಷ್ಟು ಇಂಪಿರಲಿಲ್ಲ, ನನಗದು ಗೊತ್ತಿತ್ತು. ಅವರು ಕರಿ ಎರಡಕ್ಕೆ ಹೋದರು. ಹಾಡು ಸಲೀಸಾಗಿ ಹರಿಯಿತು. ಕರಿ ಮೂರು, ಬಿಳಿ ಐದು, ಕರಿ ಐದು, ಒಂದನ್ನೂ ಬಿಡದೆ ಹನ್ನೆರಡು ಮನೆಯಿಂದಲೂ ಅದೇ ಹಾಡನ್ನು ಹನ್ನೆರಡು ಸಲ ನುಡಿಸಿದರು, ಕೊನೆಕೊನೆಗೆ ನಗುತ್ತಾ. ಯಜಮಾನರು ಮೇಲಿನ ಸ್ವರ ಕೇಳಿಸದವರು, ಪಿಯಾನೋ ಕಡೆ ನೋಡಲೇ ಇಲ್ಲ. ಟೀಚರ ಮುಖವನ್ನೇ ನೋಡುತ್ತಾ ಕೂತಿದ್ದರು. ಹನ್ನೆರಡನೇ ಸಲ ಮುಗಿದಾಗ ಎದ್ದು, "ನಡಿ ತಿಪ್ಪಮ್ಮ, ಹೋಗಾಣ" ಎಂದರು.

ದಿನಾಚರಣೆಗೆ ಮಕ್ಕಳು ಏರಿಸಿ ಇಳಿಸಿ ಹಾಡಿದರು, ಪಿಯಾನೋ ಎಲ್ಲಕ್ಕೂ ಒಪ್ಪಿತು. ಸೌದೆ ಎಂದಿದ್ದ ಬೆಂಗಳೂರಿನವರೇ ಮುಂದೆ ಫೋನು ಮಾಡಿ, ದಾವಣಗೆರೆಯಲ್ಲೊಂದು, ಶಿವಮೊಗ್ಗದಲ್ಲೊಂದು ಪಿಯಾನೋ ಇದೆ, ನೋಡುತ್ತೀರಾ ಎಂದರು. ಪಿಯಾನೋ ಮಾಡುವವರು ಕಡಿಮೆಯಾದಷ್ಟೂ ಇರುವುದನ್ನು ಉಳಿಸುವವರಿಗೆ ಕೆಲಸ ಹೆಚ್ಚು. ನಾನು ಕೆಲಸ ಬಿಡುವ ಹೊತ್ತಿಗೆ ಅಂಗಡಿಯ ಬೋರ್ಡಿನ ಮೇಲೆ ಪೆಟ್ಟಿಗೆಯ ಪಕ್ಕ ಪಿಯಾನೋ ಎಂದೂ ಬರೆಸಿದ್ದರು.

ಆದರೆ ನನ್ನ ಗೆಲುವು ಆ ಫೋನುಗಳಲ್ಲ. ಟೀಚರು ಹನ್ನೆರಡು ಸಲ ನುಡಿಸಿದ ಆ ಮಧ್ಯಾಹ್ನ ನಾವು ಅಂಗಡಿಗೆ ವಾಪಸ್ ಬಂದಾಗ ನಾಗರಾಜ ಷೋಕೇಸಿನ ಗಾಜು ಯಾವುದಿರಲಿ ಎಂದು ಕೇಳಲು ಬಂದು ನಿಂತಿದ್ದ. ಯಜಮಾನರು ಚಪ್ಪಲಿ ಬಿಡುತ್ತಲೇ ಹೇಳಿದರು.

"ಗಾಜು ಬ್ಯಾಡ ಕಣಪ್ಪ. ಅವತ್ತು ಬೆಂಚು ಅಳ್ಕಂಡು ಹೋದ್ಯಲ್ಲ, ಅದೇ ಅಳತೆಗೆ ಇನ್ನೊಂದು ಬೆಂಚು ಮಾಡ್ಕೊಡು."

ನಾಗರಾಜ ನನ್ನ ಕಡೆ ನೋಡಿದ. "ಸ್ವರ ಕೂಡ್ಸೋದು ತಿಪ್ಪಮ್ಮಾರು ಒಬ್ರೇ ಅಲ್ಲೇನ್ರಿ? ಇನ್ನೊಂದ್ರ ಮ್ಯಾಲೆ ಕುಂತ್ಕಳಾರು ಯಾರು?"

"ಬರ್ತಾರೆ" ಎಂದರು ಗುರುಬಸಪ್ಪನವರು. "ನೀನು ಮಾಡು."